ನೆಲವಿಲ್ಲದ ರಂಗೋಲಿ: ಓಪನ್ ಬ್ರಷ್‌ನೊಂದಿಗೆ ಎಂಟು ತಿಂಗಳು

ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿದ್ದ ಕುರ್ಚಿ, ಟೀಪಾಯಿಗಳನ್ನೆಲ್ಲ ಗೋಡೆಗೆ ಸರಿಸಿ, 71 ವರ್ಷದ ನನ್ನ ಅಮ್ಮನ ಕಣ್ಣಿಗೆ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಕಟ್ಟಿ, ಬಲಗೈಗೆ ಕಂಟ್ರೋಲರ್ ಕೊಟ್ಟು, "ನಿಂಗೆ ಏನು ಬೇಕೋ ಅದನ್ನ ಬರಿಯಮ್ಮ" ಎಂದಾಗ ಅವರು ಮೊದಲು ಸೊಂಟ ಬಗ್ಗಿಸಿ ನೆಲದತ್ತ ಕೈ ಚಾಚಿದರು. ಐವತ್ತು ವರ್ಷಗಳಿಂದ ದಿನವೂ ಬೆಳಕು ಹರಿಯುವ ಮೊದಲೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತ ಬಂದ ಮೈ ಅದು. ಬರೆಯುವುದೆಂದರೆ ಬಗ್ಗುವುದು ಎಂದೇ ಅದಕ್ಕೆ ಗೊತ್ತು. ಕಂಟ್ರೋಲರ್ ನೆಲಕ್ಕೆ ಬಡಿದು ಒಡೆದೀತೆಂಬ ಅಂಜಿಕೆಯಿಂದ ಕೈಯನ್ನು ಒಂದು ಗೇಣು ಮೇಲೆಯೇ ಹಿಡಿದುಕೊಂಡು, ಏಳರಿಂದ ನಾಲ್ಕಕ್ಕೆ ಇಳಿಯುವ ಸಂದು ಚುಕ್ಕಿಯ ರಂಗೋಲಿಗೆ ಬೇಕಾದ 37 ಚುಕ್ಕಿಗಳನ್ನು ಎಣಿಸದೆಯೇ ಇಟ್ಟರು, ಎಳೆಗಳನ್ನು ಸುತ್ತಿಸಿ ತಂದು ಕೂಡಿಸಿದರು. ನಿಂತು ಮೇಲಿನಿಂದ ನೋಡಿದಾಗ ಅಚ್ಚುಕಟ್ಟಾದ ರಂಗೋಲಿ. ಆದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತಲೆ ತಗ್ಗಿಸಿ ಬದಿಯಿಂದ ನೋಡಿದ ಕೂಡಲೇ ಅಮ್ಮ "ಅಯ್ಯೋ" ಎಂದರು. ಒಂದು ಚುಕ್ಕಿ ಮೊಣಕಾಲಿನ ಮಟ್ಟದಲ್ಲಿತ್ತು, ಅದರ ಪಕ್ಕದ್ದು ಅದಕ್ಕಿಂತ ನಾಲ್ಕು ಬೆರಳು ಕೆಳಗೆ. ಎಳೆಗಳು ಉಂಡೆಯಿಂದ ಬಿಚ್ಚಿಬಿದ್ದ ದಾರದಂತೆ ಗೋಜಲಾಗಿ ತೂಗುತ್ತಿದ್ದವು. "ಇದಕ್ಕೆ ನೆಲಾನೇ ಇಲ್ವಲ್ಲೇ" ಎಂದರು.

ಹೆಡ್‌ಸೆಟ್ ತೊಟ್ಟು ಗಾಳಿಯಲ್ಲೇ ಚಿತ್ರ ಬರೆಯುವ ಓಪನ್ ಬ್ರಷ್ ಎಂಬ ತಂತ್ರಾಂಶದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಕಾಗದದ ಮೇಲೆ ಜಲವರ್ಣ, ಇದ್ದಿಲುಗಳಲ್ಲಿ ಕೆಲಸ ಮಾಡುತ್ತ, ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತ ಬಂದವಳು ನಾನು. ಕಳೆದ ಎಂಟು ತಿಂಗಳಿನಿಂದ ವಾರಕ್ಕೆ ಮೂರು ನಾಲ್ಕು ಸಂಜೆ ಈ ತಂತ್ರಾಂಶದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಇದು ಬಣ್ಣದ ಪೆಟ್ಟಿಗೆಗೆ ಬದಲಿಯಾಗುವ ವಸ್ತುವಲ್ಲ, ಆಟದ ಸಾಮಾನೂ ಅಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಬರೆಯುವಾಗಿನ ಮೈಯ ಚಲನೆಯನ್ನೇ ಚಿತ್ರವಾಗಿ ಹಿಡಿದಿಡುವ ಒಂದು ಹೊಸ ಮಾಧ್ಯಮ ಇದು. ಅದನ್ನು ಹಾಗೆಂದು ಒಪ್ಪಿಕೊಂಡವರಿಗೆ ಮಾತ್ರ ಒಲಿಯುತ್ತದೆ.

ಕೆಲಸ ಮಾಡುವ ರೀತಿ ಕಲಿಯಲು ಅರ್ಧ ಗಂಟೆ ಸಾಕು. ಎಡಗೈಯ ಕಂಟ್ರೋಲರ್ ವರ್ಣಫಲಕವಾಗುತ್ತದೆ: ಅದರ ಸುತ್ತ ಬಣ್ಣ, ಕುಂಚ, ಉಪಕರಣಗಳ ಹಲಗೆಗಳು ಅಂಟಿಕೊಂಡಿರುತ್ತವೆ, ಹೆಬ್ಬೆರಳಿನಿಂದ ಅವನ್ನು ತಿರುಗಿಸಬಹುದು. ಬಲಗೈಯದು ಕುಂಚ. ಟ್ರಿಗರ್ ಒತ್ತಿದಾಗ ಗೆರೆ ಹೊರಡುತ್ತದೆ, ಬಿಟ್ಟಾಗ ನಿಲ್ಲುತ್ತದೆ, ಒತ್ತುವ ಬಲಕ್ಕೆ ತಕ್ಕಂತೆ ಹಲವು ಕುಂಚಗಳಲ್ಲಿ ಗೆರೆಯ ಅಗಲವೂ ಬದಲಾಗುತ್ತದೆ. ಎಳೆದ ಗೆರೆ ಎಳೆದಲ್ಲೇ ಗಾಳಿಯಲ್ಲಿ ನಿಂತಿರುತ್ತದೆ. ಅದರ ಹಿಂದಕ್ಕೆ ಹೋಗಬಹುದು, ಕೆಳಗೆ ನುಸುಳಬಹುದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಬಹುದು. ಎರಡೂ ಕೈಗಳ ಹಿಡಿಗುಂಡಿ ಒತ್ತಿ ಕೈಗಳನ್ನು ಅಗಲಿಸಿದರೆ ಇಡೀ ಚಿತ್ರ ಹಿಗ್ಗುತ್ತದೆ, ಹತ್ತಿರ ತಂದರೆ ಅಂಗೈಗೆ ಇಳಿಯುತ್ತದೆ. ಹೀಗೆ ನಾನು ಬರೆದ ಅರಳಿ ಎಲೆಯೊಂದನ್ನು ಮೊದಲ ವಾರವೇ ಕೋಣೆಯಷ್ಟು ದೊಡ್ಡದು ಮಾಡಿ ಅದರ ನಡುನರದ ಉದ್ದಕ್ಕೂ ನಡೆದಾಗ, ಸಣ್ಣದಾಗಿದ್ದಾಗ ಚೆಂದ ಕಂಡಿದ್ದ ನರಗಳೆಲ್ಲ ತುದಿ ಮುಟ್ಟದೆ ಅಲ್ಲಲ್ಲೇ ನಿಂತಿರುವುದು ಕಂಡಿತು. ಕಾಗದದ ಮೇಲೆ ಕಣ್ಣು ತಾನೇ ತುಂಬಿಕೊಳ್ಳುವ ಅರೆಕೊರೆಯನ್ನು ಇಲ್ಲಿ ಕೈಯೇ ತುಂಬಬೇಕು.

ಕುಂಚಗಳ ಸಂಖ್ಯೆ ದೊಡ್ಡದು, ಎಲ್ಲವೂ ಒಂದೇ ಮಟ್ಟದವಲ್ಲ. ತೈಲವರ್ಣದ ಹೆಸರು ಹೊತ್ತ ಕುಂಚದ ಗೆರೆಯನ್ನು ಮುಂದಿನಿಂದ ನೋಡಿದಾಗ ಬಿರುಗೂದಲಿನ ಗುರುತೂ ಕಾಣುತ್ತದೆ. ಬದಿಗೆ ಬಂದು ನೋಡಿದರೆ ಅದು ದಪ್ಪವೇ ಇಲ್ಲದ ರಿಬ್ಬನ್ನು. ಕಂಪ್ಯೂಟರ್ ಇಂಥ ಕುಂಚಗಳ ಗೆರೆಯನ್ನು ತೆಳುವಾದ ಪಟ್ಟಿಯ ರೂಪದಲ್ಲಿ ಕಟ್ಟುವುದರಿಂದ ಹೀಗಾಗುತ್ತದೆ, ಮತ್ತು ಅದನ್ನು ಅರಿತ ಮೇಲೆ ಮಣಿಕಟ್ಟನ್ನು ಯಾವ ಕೋನದಲ್ಲಿ ಹಿಡಿಯಬೇಕು ಎಂಬುದೇ ಅರ್ಧ ವಿದ್ಯೆಯಾಗುತ್ತದೆ. ಅಗಲ ಮುಖವನ್ನು ನೋಡುಗನ ಕಡೆ ತಿರುಗಿಸಿದರೆ ಕಣ್ಣಿಗೆ ಬಟ್ಟೆಯ ಮಡಿಕೆ, ಅಂಚನ್ನು ತಿರುಗಿಸಿದರೆ ಕೂದಲೆಳೆ. ಹೊಳೆಯುವ ಬೆಳಕಿನ ಕುಂಚ, ಬೆಂಕಿ, ಹಿಮ, ನಕ್ಷತ್ರಗಳ ಕುಂಚಗಳು ಮೊದಲ ದಿನ ಎಲ್ಲರನ್ನೂ ಬೆರಗುಗೊಳಿಸುತ್ತವೆ. ನನ್ನ ವಿದ್ಯಾರ್ಥಿಗಳು ಅವನ್ನು ಬಿಟ್ಟು ಬರುವುದಕ್ಕೆ ಒಂದು ತಿಂಗಳು ಹಿಡಿಯಿತು. ಕೊನೆಗೆ ನನ್ನ ಜೊತೆ ಉಳಿದದ್ದು ಸಾದಾ ಶಾಯಿ ಕುಂಚ ಮತ್ತು ಕೊಳವೆಯಂತೆ ದುಂಡಗೆ ಹೊರಡುವ ಇನ್ನೆರಡು.

ನನಗೆ ನಿಜವಾಗಿ ನೋವಾಗುವುದು ಬಣ್ಣದ ವಿಷಯದಲ್ಲಿ. ಜಲವರ್ಣದಲ್ಲಿ ಅರ್ಧ ಚಿತ್ರ ಬರೆಯುವುದು ನಾನು, ಉಳಿದರ್ಧ ಬರೆಯುವುದು ಕಾಗದ ಮತ್ತು ನೀರು. ಹಸಿಯ ಮೇಲೆ ನೀಲಿ ಇಟ್ಟು ಅದು ಹಳದಿಯ ಕಡೆಗೆ ಹರಿಯುವುದನ್ನು ಉಸಿರು ಬಿಗಿಹಿಡಿದು ಕಾಯುವ ಆ ಎರಡು ಕ್ಷಣಗಳಿಗಾಗಿಯೇ ನಾನು ಚಿತ್ರಕಾರಳಾದೆ. ಇಲ್ಲಿ ಎರಡು ಬಣ್ಣಗಳು ಒಂದರ ಮೇಲೊಂದು ಬಿದ್ದರೂ ಬೆರೆಯುವುದಿಲ್ಲ. ಒಂದನ್ನೊಂದು ಸೀಳಿಕೊಂಡು ಹಾದುಹೋಗುತ್ತವೆ. ಕುಂಚದ ತುದಿಗೆ ಏನೂ ತಾಗುವುದಿಲ್ಲ, ಏನೂ ಎದುರೊತ್ತುವುದಿಲ್ಲ. ಇದ್ದಿಲು ಕಾಗದದ ಮೇಲೆ ಕಿರುಗುಟ್ಟುವ ಸದ್ದಿನಿಂದಲೇ ಗೆರೆಯ ಗಟ್ಟಿತನ ಅಳೆಯುವ ಅಭ್ಯಾಸವಿದ್ದ ಕೈಗೆ ಈ ಬರಿದುತನ ಮೊದಲ ಕೆಲವು ವಾರ ತುಂಬ ಕಾಡಿತು. ಇದು ಓಪನ್ ಬ್ರಷ್ ಒಂದರ ಕೊರತೆಯಲ್ಲ, ಗಾಳಿಯಲ್ಲಿ ಬರೆಯುವ ಎಲ್ಲ ತಂತ್ರಾಂಶಗಳಿಗೂ ಸೇರಿದ್ದು. ಆದರೂ ಕೊಳ್ಳುವವರು ಮೊದಲು ತಿಳಿದಿರಬೇಕಾದ ಸಂಗತಿ ಇದೇ.

ಮೇಲ್ಮೈ ಬೇಕೇಬೇಕು ಎನ್ನುವವರಿಗೆ ತಂತ್ರಾಂಶದಲ್ಲಿ ಒಂದು ದಾರಿಯಿದೆ. ಘನ, ಗೋಳ ಮುಂತಾದ ಆಕಾರಗಳನ್ನು ಮಾರ್ಗದರ್ಶಿಗಳಾಗಿ ಗಾಳಿಯಲ್ಲಿ ನಿಲ್ಲಿಸಬಹುದು. ಕುಂಚ ಅವುಗಳ ಹತ್ತಿರ ಬಂದಾಗ ಗೆರೆ ಆ ಮೈಗೆ ಅಂಟಿಕೊಂಡು ಸಾಗುತ್ತದೆ. ಮರುದಿನ ನಾನು ಅಮ್ಮನಿಗೆ ಘನವೊಂದನ್ನು ಚಪ್ಪಟೆ ಮಾಡಿ, ಮೊಣಕಾಲಿಗೆ ಸರಿಯಾಗಿ ಜಗಲಿಯಂತೆ ಹಾಸಿಕೊಟ್ಟೆ. "ಹಾಂ, ಈಗ ಸರಿ ಹೋಯ್ತು" ಎಂದು ಅದರ ಮೇಲೆ ರಂಗೋಲಿಯನ್ನು ಸಲೀಸಾಗಿ ಬಿಟ್ಟರು. ಈ ಸಲ ಯಾವ ಬದಿಯಿಂದ ನೋಡಿದರೂ ಅದು ಒಂದೇ ಮಟ್ಟದಲ್ಲಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ ಉಪಕರಣವೆಂದರೆ ಕನ್ನಡಿ. ಎಡಬಲಗಳನ್ನು ಸಮನಾಗಿಸುವ ಕನ್ನಡಿ ಮಾತ್ರವಲ್ಲದೆ, ಒಂದು ಕೇಂದ್ರದ ಸುತ್ತ ಒಂದೇ ಗೆರೆಯನ್ನು ಹಲವು ಬಾರಿ ಮರುಕಳಿಸುವ ವ್ಯವಸ್ಥೆಯೂ ಓಪನ್ ಬ್ರಷ್‌ನಲ್ಲಿದೆ. ಬೇಲೂರು, ಹಳೇಬೀಡುಗಳ ಕಂಬಗಳನ್ನು ನೆನೆದುಕೊಂಡು ಒಂದು ಭಾನುವಾರ ಇದನ್ನು ಪರೀಕ್ಷಿಸಿದೆ. ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದ ಆ ಕಂಬಗಳಲ್ಲಿ ಶಿಲ್ಪಿಯ ಉಳಿ ಒಂದೆಡೆ ನಿಂತು ಕಲ್ಲು ಸುತ್ತುತ್ತದೆ. ಇಲ್ಲಿ ನಾನು ಕಂಬದ ಒಂದು ಬದಿಯ ಏರಿಳಿತವನ್ನು, ಅಂದರೆ ಪೀಠ, ಗಂಟೆಯಂಥ ಉಬ್ಬು, ಕತ್ತರಿಸಿದಂಥ ಕಂಠ, ಮತ್ತೆ ಉಬ್ಬು, ಮೇಲಿನ ಬೋದಿಗೆ, ಇಷ್ಟನ್ನು ಒಂದೇ ಎಳೆತದಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದೆ. ಅದೇ ಹೊತ್ತಿಗೆ ಸುತ್ತಲೂ ಹದಿನೈದು ಗೆರೆಗಳು ಎದ್ದು ಬಂದು ಕಂಬವೊಂದು ನನ್ನ ಸುತ್ತ ನಿಂತಿತು. ಸುತ್ತ ಎಂದೆ, ಏಕೆಂದರೆ ಅರಿಯದೆ ನಾನು ಕೇಂದ್ರದಲ್ಲೇ ನಿಂತು ಎಳೆದಿದ್ದೆ. ಹೊಯ್ಸಳರ ಕಂಬವನ್ನು ಯಾರೂ ಒಳಗಿನಿಂದ ನೋಡಿಲ್ಲ, ಕಲ್ಲಿಗೆ ಒಳಗು ಎಂಬುದೇ ಇಲ್ಲ. ಅಂದು ನಾನು ಆ ಉಬ್ಬುತಗ್ಗುಗಳ ಒಳಮೈಯನ್ನು ಕತ್ತೆತ್ತಿ ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಆ ಸಂಜೆಯ ನಂತರ ಬಣ್ಣ ಬೆರೆಯುವುದಿಲ್ಲವೆಂಬ ಕೊರಗು ಬಹುಮಟ್ಟಿಗೆ ತಣ್ಣಗಾಯಿತು.

ಮೈಗೆ ಆಗುವ ಶ್ರಮವನ್ನು ಮುಚ್ಚಿಡಬಾರದು. ಅರ್ಧ ಕಿಲೋ ಆಸುಪಾಸಿನ ಭಾರವನ್ನು ಮುಖದ ಮುಂದೆ ಹೊತ್ತು, ತೋಳನ್ನು ಆಸರೆಯಿಲ್ಲದೆ ಎತ್ತಿ ಹಿಡಿದು ಬರೆಯುವಾಗ ಇಪ್ಪತ್ತು ನಿಮಿಷಕ್ಕೆ ಹೆಗಲು ಸೋಲುತ್ತದೆ. ನಾನು ಅಷ್ಟಕ್ಕೇ ನಿಲ್ಲಿಸಿ, ಹೆಡ್‌ಸೆಟ್ ತೆಗೆದು, ನೀರು ಕುಡಿದು ಮತ್ತೆ ಶುರುಮಾಡುತ್ತೇನೆ. ತಲೆಸುತ್ತು ಬರುವುದು ಕಡಿಮೆ, ಏಕೆಂದರೆ ಇಲ್ಲಿ ನಾವು ನಡೆದಷ್ಟೇ ಕಣ್ಣ ಮುಂದಿನ ಜಗತ್ತೂ ಸರಿಯುತ್ತದೆ. ಇಡೀ ಚಿತ್ರವನ್ನು ಕೈಯಿಂದ ಹಿಡಿದು ತಿರುಗಿಸುವಾಗ ಮಾತ್ರ ಕೆಲವರಿಗೆ ಹೊಟ್ಟೆ ತೊಳಸುವುದುಂಟು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೆರವಾದ ಜಾಗ ಬೇಕೇಬೇಕು, ಮೇಲೆ ಫ್ಯಾನು ನಿಲ್ಲಿಸಿರಬೇಕು. ಕಂಬದ ಬೋದಿಗೆ ಬರೆಯಲು ಹೋಗಿ ಫ್ಯಾನಿನ ರೆಕ್ಕೆಗೆ ಬೆರಳು ಕೊಟ್ಟು ಮೂರು ದಿನ ಪೆನ್ಸಿಲ್ ಹಿಡಿಯಲಾಗದೆ ಇದ್ದ ಮೇಲೆ ನಾನು ಸ್ವಿಚ್ ನೋಡದೆ ಹೆಡ್‌ಸೆಟ್ ಏರಿಸುವುದಿಲ್ಲ.

ಈ ತಂತ್ರಾಂಶ ನಮ್ಮ ಕೈಗೆ ಉಚಿತವಾಗಿ ಸಿಗುತ್ತಿರುವುದರ ಹಿಂದಿನ ಕಥೆಯನ್ನು ತಿಳಿಯದೆ ಇದರ ಬೆಲೆ ಕಟ್ಟಲಾಗದು. ಡ್ರೂ ಸ್ಕಿಲ್‌ಮನ್ ಮತ್ತು ಪ್ಯಾಟ್ರಿಕ್ ಹ್ಯಾಕೆಟ್ ಎಂಬಿಬ್ಬರು ರೂಪಿಸಿದ ಟಿಲ್ಟ್ ಬ್ರಷ್ ಎಂಬ ಇದೇ ಬಗೆಯ ತಂತ್ರಾಂಶವನ್ನು 2015ರಲ್ಲಿ ಗೂಗಲ್ ಕೊಂಡುಕೊಂಡಿತು. 2016ರ ಏಪ್ರಿಲ್‌ನಲ್ಲಿ ಎಚ್‌ಟಿಸಿ ವೈವ್ ಹೆಡ್‌ಸೆಟ್ಟಿನ ಜೊತೆಯಲ್ಲೇ ಅದು ಸಾರ್ವಜನಿಕರ ಕೈಸೇರಿತು, ಜಗತ್ತಿನಾದ್ಯಂತ ಕಲಾವಿದರು ಅದರಲ್ಲಿ ಕೆಲಸ ಶುರುಮಾಡಿದರು. 2021ರ ಜನವರಿಯಲ್ಲಿ ಗೂಗಲ್ ಅದರ ಬೆಳವಣಿಗೆಯನ್ನು ನಿಲ್ಲಿಸಿ, ಮೂಲ ಕೋಡನ್ನು ಅಪಾಚೆ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಕೋಡನ್ನು ಎತ್ತಿಕೊಂಡು ಆಸಕ್ತರ ಬಳಗವೊಂದು ಬೆಳೆಸಿದ್ದೇ ಓಪನ್ ಬ್ರಷ್. ಅದೇ ವರ್ಷದ ಜೂನ್ ಕೊನೆಗೆ, ಇಂಥ ಚಿತ್ರಗಳನ್ನು ಹಂಚಿಕೊಳ್ಳಲು ಇದ್ದ ಗೂಗಲ್‌ನ ಪಾಲಿ ಎಂಬ ತಾಣ ಮುಚ್ಚಿತು. ಎಣ್ಣೆಬಣ್ಣದ ಕಂಪನಿ ಬಾಗಿಲು ಹಾಕಿದರೂ ಗೋಡೆಯ ಮೇಲಿನ ಚಿತ್ರ ಉಳಿಯುತ್ತದೆ. ತಂತ್ರಾಂಶದಲ್ಲಿ ಬರೆದ ಚಿತ್ರಕ್ಕೆ ಆ ಖಾತ್ರಿಯಿಲ್ಲ. ಹಾಗಾಗಿ ಕೋಡು ತೆರೆದಿರುವುದು, ಕಡತವನ್ನು ನಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದಾದದ್ದು, ಬೇರೆ ತಂತ್ರಾಂಶಗಳು ಓದಬಲ್ಲ ರೂಪಗಳಲ್ಲಿ ಹೊರತೆಗೆಯಬಹುದಾದದ್ದು ಇವು ಮೂರೂ ನನ್ನ ಲೆಕ್ಕದಲ್ಲಿ ಯಾವ ಹೊಳೆಯುವ ಕುಂಚಕ್ಕಿಂತಲೂ ದೊಡ್ಡ ಗುಣಗಳು. ಕ್ವಿಲ್, ಗ್ರಾವಿಟಿ ಸ್ಕೆಚ್‌ನಂಥ ಉಪಕರಣಗಳೂ ಇವೆ. ಮೊದಲನೆಯದು ಕಥೆ ಹೇಳುವವರಿಗೆ, ಎರಡನೆಯದು ವಾಹನ, ಪಾದರಕ್ಷೆಗಳಂಥ ವಸ್ತುಗಳ ವಿನ್ಯಾಸಕಾರರಿಗೆ ಹೆಚ್ಚು ಒಗ್ಗುತ್ತವೆ. ಕೈ ಬೀಸಿ ಬರೆಯುವ ಸುಖಕ್ಕೆ ನಾನು ಓಪನ್ ಬ್ರಷ್ ಅನ್ನೇ ಆರಿಸುತ್ತೇನೆ.

ಇನ್ನು ಪ್ರದರ್ಶನದ ಮಾತು. ಬರೆಯುವಾಗ ಇಷ್ಟು ಕೊಡುವ ಈ ಮಾಧ್ಯಮ ತೋರಿಸುವಾಗ ನಮ್ಮನ್ನು ಬಡವರನ್ನಾಗಿಸುತ್ತದೆ. ಊರಿನ ಒಂದು ಗುಂಪು ಪ್ರದರ್ಶನದಲ್ಲಿ ನನ್ನ ಮೂರು ಚಿತ್ರಗಳನ್ನು ಎರಡು ಹೆಡ್‌ಸೆಟ್ಟುಗಳಲ್ಲಿ ಇಟ್ಟಿದ್ದೆ. ಒಬ್ಬರು ನೋಡಲು ಐದು ನಿಮಿಷ, ಒರೆಸಿ, ಪಟ್ಟಿ ಸಡಿಲಿಸಿ, ಮುಂದಿನವರ ಕನ್ನಡಕಕ್ಕೆ ಹೊಂದಿಸಲು ಎರಡು ನಿಮಿಷ. ಮೂರು ಗಂಟೆಯ ಸಂಜೆಯಲ್ಲಿ ಬಹಳವೆಂದರೆ ಐವತ್ತು ಮಂದಿ. ಉಳಿದವರು ಪಕ್ಕದ ಟಿವಿ ಪರದೆಯಲ್ಲಿ, ಹೆಡ್‌ಸೆಟ್ ಹಾಕಿಕೊಂಡವರ ತಲೆ ತಿರುಗಿದಂತೆಲ್ಲ ಓಲಾಡುವ ಚಪ್ಪಟೆ ದೃಶ್ಯವನ್ನು ನೋಡಿ ಸುಮ್ಮನೆ ಹೊರಟರು. ಒಬ್ಬ ಹಿರಿಯರು ಸರತಿಯಲ್ಲಿ ನಲವತ್ತು ನಿಮಿಷ ನಿಂತು, ಅವರ ಪಾಳಿ ಬರುವ ಹೊತ್ತಿಗೆ ಬ್ಯಾಟರಿ ಮುಗಿದು, ಏನನ್ನೂ ನೋಡದೆ ಹಿಂದಿರುಗಿದ್ದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಈ ತೊಡಕು ಹೊಸದಲ್ಲ, ಇದಕ್ಕೆ ಹಿಂದೆಯೇ ಒಳ್ಳೆಯ ಉತ್ತರಗಳೂ ಬಂದಿವೆ. ಚಿತ್ರಕಲೆಯಿಂದಲೇ ಈ ಕಡೆ ಬಂದ ಕೆನಡಾದ ಕಲಾವಿದೆ ಚಾರ್ ಡೇವಿಸ್ 1995ರಲ್ಲಿ ಮಾಂಟ್ರಿಯಲ್‌ನಲ್ಲಿ ತೋರಿಸಿದ ಓಸ್ಮೋಸ್ ಎಂಬ ಕೃತಿಯಲ್ಲಿ ಹೆಡ್‌ಸೆಟ್ ತೊಟ್ಟವರು ಎದೆಗೆ ಕಟ್ಟಿದ ಕವಚದ ನೆರವಿನಿಂದ, ಉಸಿರೆಳೆದಾಗ ಮೇಲೇರಿ ಉಸಿರು ಬಿಟ್ಟಾಗ ಕೆಳಗಿಳಿಯುತ್ತಿದ್ದರು. ಹೊರಗೆ ಕುಳಿತವರಿಗೆ ಅವರು ಕಾಣುತ್ತಿದ್ದ ದೃಶ್ಯ ಒಂದು ಪರದೆಯ ಮೇಲೆ, ಅವರ ಮೈಯ ನೆರಳು ಇನ್ನೊಂದು ಪರದೆಯ ಮೇಲೆ ಮೂಡುತ್ತಿತ್ತು. ಒಳಗಿರುವವರ ಮೈಯೇ ಹೊರಗಿನವರಿಗೆ ಕೃತಿಯ ಭಾಗವಾಗುವ ಈ ಏರ್ಪಾಡನ್ನು ಓದಿ ತಿಳಿದಾಗ, ತೊಗಲುಗೊಂಬೆಯ ಪರದೆ ಕಂಡು ಬೆಳೆದ ನನಗೆ ಅದು ಪರಕೀಯ ಎನ್ನಿಸಲಿಲ್ಲ. ಇದಕ್ಕೆ ತೀರ ಎದುರಾದ ದಾರಿ ಹಿಡಿದವರು ನಿರ್ದೇಶಕ ಅಲೆಹಾಂದ್ರೊ ಗೊನ್ಸಾಲೆಸ್ ಇನ್ಯಾರಿಟು. ಗಡಿ ದಾಟುವ ವಲಸಿಗರ ಪಾಡನ್ನು ಕುರಿತು 2017ರಲ್ಲಿ ಅವರು ಮಾಡಿದ ಕಾರ್ನೆ ಇ ಅರೆನಾ ಎಂಬ ವಿಆರ್ ಕೃತಿಯಲ್ಲಿ ನೋಡುಗರು ಒಬ್ಬೊಬ್ಬರಾಗಿ, ಬರಿಗಾಲಲ್ಲಿ ಮರಳಿನ ಮೇಲೆ ನಿಲ್ಲಬೇಕು. ಅಲ್ಲಿ ಒಂಟಿತನ ಕೃತಿಯ ಅರ್ಥಕ್ಕೇ ಬೇಕಾದದ್ದು. ಆಸ್ಕರ್ ಅಕಾಡೆಮಿ ಅದಕ್ಕೆ ವಿಶೇಷ ಪ್ರಶಸ್ತಿಯನ್ನೂ ಕೊಟ್ಟಿತು. ಲೂವ್ರ್ ಸಂಗ್ರಹಾಲಯ 2019ರ ಲಿಯೊನಾರ್ಡೊ ಪ್ರದರ್ಶನದ ಜೊತೆಗೆ ಮೋನಾಲಿಸಾಳ ಬಗ್ಗೆ ವಿಆರ್ ಅನುಭವವೊಂದನ್ನು ಸಿದ್ಧಪಡಿಸಿತು. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಆ ಚಿತ್ರವನ್ನು ಗಾಜಿನಾಚೆ, ಜನಜಂಗುಳಿಯ ಹಿಂದಿನಿಂದ ನೋಡಬೇಕಾದವರಿಗೆ ಅದು ಉಪಕಾರವೇ ಸರಿ. ಆದರೆ ಅದು ಹಳೆಯ ಚಿತ್ರಕ್ಕೆ ಹಚ್ಚಿದ ಹೊಸ ದೀಪ, ಈ ಮಾಧ್ಯಮದಲ್ಲೇ ಹುಟ್ಟಿದ ಕೃತಿಯಲ್ಲ.

ಹೆಡ್‌ಸೆಟ್ಟೇ ಬೇಡವೆಂದು ಹೊರಟ ಪ್ರಯತ್ನವೊಂದಕ್ಕೆ ನಮ್ಮ ನೆಲವೇ ವಸ್ತುವಾಗಿದೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ ರೂಪಿಸಿದ ಪ್ಲೇಸ್-ಹಂಪಿಯಲ್ಲಿ ಸುತ್ತಲೂ ಸಿಲಿಂಡರಿನಂಥ ಪರದೆ, ನಡುವೆ ತಿರುಗುವ ವೇದಿಕೆ. ಅದರ ಮೇಲೆ ನಿಂತು ಒಬ್ಬರು ದೃಶ್ಯವನ್ನು ತಿರುಗಿಸಿದರೆ, ಆಳ ತೋರಿಸುವ ಕನ್ನಡಕ ತೊಟ್ಟ ಎಲ್ಲರೂ ಒಟ್ಟಿಗೆ ಹಂಪಿಯ ನಡುವೆ ನಿಂತಿರುತ್ತಾರೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿಯ ಕಲಾಧಾಮ ಎಂಬ ಸಂಗ್ರಹಾಲಯದಲ್ಲಿ ಅದಕ್ಕೆ ಕಾಯಂ ನೆಲೆಯೂ ಸಿಕ್ಕಿತು. ಕಲೆಯನ್ನು ನೋಡುವಾಗ ಪಕ್ಕದಲ್ಲಿರುವವರ ಭುಜ ತಟ್ಟಿ "ಅಲ್ಲಿ ನೋಡು" ಎನ್ನಲು ಸಾಧ್ಯವಾಗಬೇಕು ಎಂದು ನಂಬುವ ನನಗೆ ಈ ದಾರಿ ಹತ್ತಿರದ್ದು.

ಓಪನ್ ಬ್ರಷ್‌ನ ಮಟ್ಟಿಗೆ ನನಗೆ ಸಿಕ್ಕ ಉತ್ತರ ಅದರ ಕಡತದೊಳಗೇ ಇತ್ತು. ಸಾಮಾನ್ಯ ಚಿತ್ರದ ಕಡತದಲ್ಲಿ ಉಳಿಯುವುದು ಮುಗಿದ ಚಿತ್ರ ಮಾತ್ರ. ಇದರ ಕಡತದಲ್ಲಿ ಪ್ರತಿ ಗೆರೆಯೂ ಎಳೆದ ಕ್ರಮದಲ್ಲಿ, ಕೈ ಸಾಗಿದ ದಾರಿ ಮತ್ತು ಒತ್ತಿದ ಬಲದ ಸಮೇತ ದಾಖಲಾಗಿರುತ್ತದೆ. ಚಿತ್ರ ತೆರೆದಾಗ ಗೆರೆಗಳು ಅದೇ ಕ್ರಮದಲ್ಲಿ ಒಂದೊಂದಾಗಿ ಗಾಳಿಯಲ್ಲಿ ಮೂಡುತ್ತ ಬರುತ್ತವೆ. ಎರಡನೆಯ ಸಲ ಪ್ರದರ್ಶನಕ್ಕೆ ಕರೆದಾಗ ನಾನು ಒಂದೇ ಹೆಡ್‌ಸೆಟ್ ಇಟ್ಟು, ದೊಡ್ಡ ಬಿಳಿ ಗೋಡೆಯ ಮೇಲೆ ಚಿತ್ರಗಳು ಹುಟ್ಟುವ ಬಗೆಯನ್ನು ಪ್ರೊಜೆಕ್ಟರಿನಿಂದ ತೋರಿಸಿದೆ. ಜನ ನಿಂತರು, ಕೆಲವರು ನೆಲದ ಮೇಲೆ ಕುಳಿತರು. ಮುಗಿದ ಚಿತ್ರಕ್ಕಿಂತ, ಗೆರೆಯೊಂದು ಅಳುಕುತ್ತ ಹೊರಟು ನಡುವೆ ಧೈರ್ಯ ತಂದುಕೊಂಡು ತಿರುಗುವುದನ್ನು ನೋಡಲು ಅವರಿಗೆ ಬಿಡುವಿತ್ತು.

ಕೊಳ್ಳಬೇಕೇ ಎಂದು ಕೇಳುವವರಿಗೆ: ತಂತ್ರಾಂಶಕ್ಕೆ ಕಾಸು ಬೇಕಿಲ್ಲ, ಹೆಡ್‌ಸೆಟ್ಟಿಗೆ ಒಳ್ಳೆಯ ಮೊಬೈಲ್ ಫೋನಿನಷ್ಟು ಖರ್ಚಾಗುತ್ತದೆ. ಶಿಲ್ಪ, ರಂಗಸಜ್ಜಿಕೆ, ಒಳಾಂಗಣ ವಿನ್ಯಾಸ ಕಲಿಯುವವರಿದ್ದರೆ, ಅಥವಾ ನಾಲ್ಕೈದು ಜನ ಸೇರಿ ಕೊಳ್ಳುವಂತಿದ್ದರೆ ಹಿಂಜರಿಯಬೇಡಿ. ಜಲವರ್ಣದವರು ಮೊದಲು ಎರಡು ದಿನ ಯಾರಿಂದಾದರೂ ಎರವಲು ತಂದು ನೋಡಿ. ಸಣ್ಣ ಮಕ್ಕಳಿಗೆ ನಾನು ಕೊಡುವುದಿಲ್ಲ. ಅವರ ಬೆರಳಿಗೆ ಇನ್ನೂ ಕೆಸರು, ಸೀಮೆಸುಣ್ಣ, ಒದ್ದೆ ಕಾಗದಗಳ ಪರಿಚಯ ಆಗಬೇಕಿದೆ.

ಮೂರನೆಯ ದಿನ ಅಮ್ಮ ತಾವಾಗಿಯೇ ಹೆಡ್‌ಸೆಟ್ ಕೇಳಿ ಪಡೆದು, ನಾನು ಹಾಸಿಕೊಟ್ಟಿದ್ದ ಜಗಲಿಯನ್ನು ತೆಗೆದುಬಿಡು ಎಂದರು. ಈ ಸಲ ಬಗ್ಗಲಿಲ್ಲ. ಚುಕ್ಕಿಗಳನ್ನು ಎದೆಯ ಮಟ್ಟದಲ್ಲಿ ಇಟ್ಟು, ಎಳೆಗಳನ್ನು ಬಳ್ಳಿ ಹಂದರಕ್ಕೆ ಹಬ್ಬುವ ಹಾಗೆ ಮೇಲಕ್ಕೆತ್ತಿ ಸುತ್ತಿದರು. ಒಮ್ಮೆ ತಾವೇ ಎಳೆಯ ಕೆಳಗೆ ನುಸುಳಿ ಆಚೆ ಬದಿಯಿಂದ ಅದನ್ನು ಮುಂದುವರಿಸಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಕಡತವನ್ನು ತೆರೆದು ನೋಡಿದೆ. ಅಮ್ಮ ಚುಕ್ಕಿಗಳನ್ನು ಎಡದಿಂದ ಸಾಲಾಗಿ ಇಡುತ್ತಾರೆಂದೇ ನಾನು ತಿಳಿದಿದ್ದೆ. ಹಾಗಲ್ಲ: ಮೊದಲ ಚುಕ್ಕಿ ಬಿದ್ದದ್ದು ನಟ್ಟನಡುವೆ, ಆಮೇಲೆ ಎಡಕ್ಕೊಂದು ಬಲಕ್ಕೊಂದು, ಎಡಕ್ಕೊಂದು ಬಲಕ್ಕೊಂದು. ನಾನು ಹುಟ್ಟಿದಾಗಿನಿಂದ ಅವರ ರಂಗೋಲಿ ತುಳಿಯದಂತೆ ದಾಟಿಕೊಂಡೇ ಶಾಲೆಗೆ, ಕೆಲಸಕ್ಕೆ ಹೋಗಿದ್ದೇನೆ. ನಾನು ಏಳುವ ಹೊತ್ತಿಗೆ ಅದು ಯಾವಾಗಲೂ ಮುಗಿದಿರುತ್ತಿತ್ತು.